ಭಟ್ರಿಗೊಂದು ಥ್ಯಾಂಕ್ಸ್

ಸೋಮವಾರ ಸಂಜೆ ಮುಂಬೈಯ ಜಹಾಂಗೀರ್ ಆರ್ಟ್ ಗ್ಯಾಲರಿಯ ಗೋಡೆಯಿಂದ ಕೊನೆಯ ಚಿತ್ರ ಇಳಿಸಿದೆವು. ನನ್ನ ಮೊದಲ ಏಕವ್ಯಕ್ತಿ ಪ್ರದರ್ಶನ ಮುಗಿಯಿತು. ಬಂದವರಿಗೆ, ಬರಲಾಗದೆ ಫೋನ್ ಮಾಡಿದವರಿಗೆ, ಎಲ್ಲರಿಗೂ ಥ್ಯಾಂಕ್ಸ್. ಎಷ್ಟು ಮಾರಾಟವಾಯಿತು ಅಂತ ಕೇಳಬೇಡಿ. ಫ್ರೇಮ್ ಅಂಗಡಿಯ ಬಾಕಿ ತೀರಿತು.

1952ರಿಂದ ಇರುವ ಆ ಗ್ಯಾಲರಿಯಲ್ಲಿ ಜಾಗ ಬೇಕಾದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕು. ನಾನು ಕಾದದ್ದು ಅದರ ಎದುರಿನ ಫುಟ್‌ಪಾತಿನಲ್ಲೇ, ಹೋಗಿಬರುವವರ ಮುಖ ಬರೆಯುತ್ತಾ. ಮುಂಬೈಗೆ ಬರಲು ಅಪ್ಪನನ್ನು ಒಪ್ಪಿಸಿದ್ದು ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ಹೆಸರು ಹೇಳಿ. ಅವರೂ ನಮ್ಮ ಉಡುಪಿ ಕಡೆಯವರೇ, ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲೇ ಪಾಠ ಮಾಡಿದವರು ಅಂದೆ. "ಅವರು ಹೆಬ್ಬಾರರು. ನೀನು ಯಾರು?" ಅಂದಿದ್ದರು ಅಪ್ಪ. ಆದರೂ ಟಿಕೆಟ್ಟಿಗೆ ದುಡ್ಡು ಕೊಟ್ಟರು.

ಲೋಕಲ್ಲಿನ ಲಗೇಜ್ ಡಬ್ಬದಲ್ಲಿ ಮೀನಿನ ಬುಟ್ಟಿಗಳ ನಡುವೆ ಕ್ಯಾನ್ವಾಸ್ ಹಿಡಿದು ನಿಂತ ಗೆಳೆಯರು, ಕ್ಯಾಟಲಾಗಿನ ಕನ್ನಡ ತಿದ್ದಿದ ಮೇಷ್ಟ್ರು, ಬಾಡಿಗೆ ತಡವಾದರೂ ಬಾಗಿಲು ತಟ್ಟದ ಕಾಕೂ, ನಿಮ್ಮನ್ನೆಲ್ಲ ಮರೆತಿಲ್ಲ. ಆದರೆ ಇವತ್ತು ಜಾಸ್ತಿ ಬರೆಯಬೇಕಿರುವುದು ಭಟ್ರ ಬಗ್ಗೆ. ಅವರು ಇದನ್ನು ಓದುವುದಿಲ್ಲ. ಅವರ ಫೋನಿನಲ್ಲಿ ಯಕ್ಷಗಾನ ಬಿಟ್ಟು ಬೇರೇನೂ ಓಡುವುದಿಲ್ಲ.

ಭಟ್ರು ಮಾಟುಂಗದ ಒಂದು ಹೋಟೆಲಿನ ಅಡುಗೆಯವರು. ಒಂದು ಜುಲೈ ರಾತ್ರಿ ಮಳೆಗೆ ನನ್ನ ಕೋಣೆಯೊಳಗೆಲ್ಲ ನೀರು. ಮಾಡು ಸೋರಿತು, ಅಷ್ಟೇ. 14 ಕ್ಯಾನ್ವಾಸ್, ಅದರಲ್ಲಿ 6 ಇನ್ನೂ ಹಸಿ. ಎಣ್ಣೆಬಣ್ಣ ಒದ್ದೆ ಬಟ್ಟೆಯ ಹಾಗೆ ಆರುವುದಿಲ್ಲ. ಅದರೊಳಗಿನ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗಬೇಕು. ಮುಂಬೈ ಮಳೆಗಾಲದಲ್ಲಿ ಇನ್ನೂ ನಿಧಾನ. ಒಂದರ ಮೇಲೊಂದು ಇಟ್ಟರೆ ಅಂಟುತ್ತದೆ, ನೆಲದಲ್ಲಿಟ್ಟರೆ ನೀರು. ಭಟ್ರಿಗೆ ಫೋನ್ ಮಾಡಿದೆ. ಮಲಗಿದ್ದವರು ಎದ್ದು, ಲುಂಗಿ ಎತ್ತಿಕಟ್ಟಿ, ಮೊಣಕಾಲುದ್ದ ನೀರಿನಲ್ಲಿ ಬಂದರು.

ಪ್ಲಾಸ್ಟಿಕ್ ಹೊದಿಸಿಕೊಂಡು ನಾಲ್ಕು ಸಲ ಹೋಗಿ ಬಂದೆವು. ಹೋಟೆಲಿನ ಅಟ್ಟದಲ್ಲಿ, ಅಕ್ಕಿ ಮೂಟೆಗಳ ಮೇಲೆ ಜೋಡಿಸುವಾಗ ಭಟ್ರು ಒಂದೊಂದು ಕ್ಯಾನ್ವಾಸಿನ ನಾಲ್ಕು ಮೂಲೆಗೂ ಒಂದೊಂದು ಬೆಂಕಿಪೊಟ್ಟಣ ಇಟ್ಟು ಅದರ ಮೇಲೆ ಇನ್ನೊಂದನ್ನು ಇಟ್ಟರು. "ಮೈಗೆ ಮೈ ತಾಗಬಾರದು, ಅಲ್ವಾ?" ಎಂದರು. ನನಗೆ ಅದು ಹೊಳೆದೇ ಇರಲಿಲ್ಲ.

ಅಲ್ಲಿ ನಾನು ಅತ್ತೆ. ಬಾಯಿಬಿಟ್ಟು ಅತ್ತೆ. ಇದನ್ನೆಲ್ಲ ನೀರಿಗೆ ಹಾಕಿ ಊರಿಗೆ ಹೋಗುತ್ತೇನೆ ಅಂದೆ. ಸುಮ್ನೆ ಅಂದದ್ದಲ್ಲ, ರೈಲಿನ ಹೊತ್ತನ್ನೂ ನೋಡಿಯಾಗಿತ್ತು. ಭಟ್ರು ಸಮಾಧಾನ ಹೇಳಲಿಲ್ಲ. ಚಹಾ ಕಾಸಿ ಕೊಟ್ಟು, "ಐದಕ್ಕೆ ಕಾಯಿ ತುರಿಯಲಿಕ್ಕುಂಟು, ನೀನೂ ಬಾ" ಎಂದರು. ನನಗೆ ಯಾವಾಗ ನಿದ್ದೆ ಬಂತೋ. ಎಚ್ಚರವಾದಾಗ ಅವರು ಅಟ್ಟದ ಏಣಿಯ ಮೇಲೆ ಕೂತು, ಟೇಬಲ್ ಫ್ಯಾನನ್ನು ಚಿತ್ರಗಳ ಕಡೆ ಹಿಡಿದುಕೊಂಡಿದ್ದರು. ಕಣ್ಣು ಕೆಂಪಾಗಿತ್ತು. ಐದಕ್ಕೆ ಇಬ್ಬರೂ ಕಾಯಿ ತುರಿದೆವು.

ಒಂದು ಚಿತ್ರದ ಮೂಲೆಯಲ್ಲಿ, ಹಸಿ ನೀಲಿಯ ಮೇಲೆ, ಅವರ ಹೆಬ್ಬೆರಳು ಅಚ್ಚಾಗಿ ಕೂತಿದೆ. ನಾನು ತಿದ್ದಲಿಲ್ಲ. ಅದಕ್ಕೆ ಬೆಲೆಯ ಚೀಟಿಯನ್ನೂ ಹಾಕಲಿಲ್ಲ. ಕೊನೆಯ ದಿನ ಮಧ್ಯಾಹ್ನದ ಬಿಡುವಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ ಭಟ್ರು ಅದರ ಮುಂದೆ ನಿಂತು, ಹೆಬ್ಬೆರಳನ್ನು ಹತ್ತಿರ ಹಿಡಿದು ನೋಡಿದರು. "ಒರೆಸಬಾರದಿತ್ತಾ ಮಾರಾಯ, ಇಷ್ಟು ಜನ ನೋಡುತ್ತಾರೆ" ಎಂದು ಬೈದು, ನಾಲ್ಕರೊಳಗೆ ಹೋಟೆಲಿಗೆ ಮುಟ್ಟಬೇಕೆಂದು ಓಡಿದರು.