ಹಂಚು ಇಳಿಸುವ ಮೊದಲು

ಪ್ರೀತಿಯ ಗೆಳೆಯಾ,

ದೀಪಾವಳಿಗೆ ಬಂದು ಹನ್ನೆರಡು ದಿನ ಇರ್ತೀಯ, ನೀನು ಹೊರಟ ಮೇಲೆ ಹಳೇ ಮನೆ ಬಿಚ್ಚಿಸ್ತೀರಿ ಅಂತ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಫೋಟೊ ತೆಗೆಯೋರನ್ನೂ ಡ್ರೋನಿನವರನ್ನೂ ಗೊತ್ತು ಮಾಡಿದ್ದು ಒಳ್ಳೇದೇ ಆಯ್ತು. ಆದರೆ ಮೆಲ್ಬೋರ್ನಿನ ಚಳಿಯಲ್ಲಿ ಒಂದು ದಿನ ನಿನಗೆ ಬೇಕಾಗೋದು ಮನೆಯ ಚಿತ್ರ ಅಲ್ಲ ಮಾರಾಯ, ಬಚ್ಚಲಮನೆಯ ಹೊಗೆ ವಾಸನೆ, ಹಂಚಿನ ಮೇಲೆ ಮಳೆ ಬೀಳುವ ಸದ್ದು. ಅವನ್ನ ಯಾವ ಡ್ರೋನೂ ಹಿಡಿಯೋದಿಲ್ಲ. ಹಿಡಿಯೋಕೆ ಬೇರೆ ದಾರಿ ಇದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲನೇ ಕೆಲಸ ನೀನು ಮನೆ ಹೊಕ್ಕುವ ಗಳಿಗೆಯದು. ಕಾರಿಂದ ಇಳಿದವನು ಜಗಲಿ ಮೇಲೆ ಒಂದು ನಿಮಿಷ ನಿಂತು, ಆಮೇಲೆ ಒಳಗೆ ಹೋಗು. ಮೂಗಿಗೆ ಬಂದದ್ದನ್ನು ಹತ್ತು ನಿಮಿಷದೊಳಗೆ ಕಾಗದದ ಮೇಲೆ ಬರೆದುಕೋ. ತಡ ಮಾಡಿದರೆ ಸಿಗೋದಿಲ್ಲ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದಕ್ಕೆ ಒಗ್ಗಿಹೋಗುತ್ತೆ, ಆಮೇಲೆ ಮನೆಗೆ ವಾಸನೆಯೇ ಇಲ್ಲ ಅನ್ನಿಸುತ್ತೆ. ಅಲ್ಲೇ ಇರುವ ಅಮ್ಮನಿಗೆ ಅದು ಗೊತ್ತಾಗದೆ ನಿನಗೆ ಗೊತ್ತಾಗೋದು ಇದೇ ಕಾರಣಕ್ಕೆ. ತಪ್ಪಿಹೋದರೆ ತೋಟದ ತುದಿಯವರೆಗೆ ಹೋಗಿ ಅರ್ಧ ಗಂಟೆ ಬಿಟ್ಟು ವಾಪಸ್ ಬಾ, ಮೂಗು ಮತ್ತೆ ತೆರೆದುಕೊಳ್ಳುತ್ತೆ. ಬರೆಯುವಾಗ 'ಚೆನ್ನಾಗಿತ್ತು', 'ಹಳೇ ವಾಸನೆ' ಅಂತ ಬರೆಯಬೇಡ, ಅದರಿಂದ ಆಮೇಲೆ ಏನೂ ನೆನಪಾಗೋದಿಲ್ಲ. ಎಲ್ಲಿ, ಯಾವುದರ ಹಾಗೆ ಅಂತ ಬರೆ: ನಡುಮನೆಯ ಮೂಲೆಯಲ್ಲಿ ಗೋಣಿಚೀಲ, ಅಟ್ಟದ ಮೆಟ್ಟಿಲ ಹತ್ತಿರ ಒಣಗಿದ ಅಡಿಕೆ, ದೇವರ ಒಳದಲ್ಲಿ ಆರಿದ ಬತ್ತಿ.

ಎರಡನೇ ಕೆಲಸ ಸದ್ದು. ಇದನ್ನು ಸಾಮಾನು ಸಾಗಿಸುವ ಮೊದಲೇ ಮುಗಿಸು. ಎಲ್ಲ ಖಾಲಿಯಾದ ಮೇಲೆ ನಿಧಾನಕ್ಕೆ ಮಾಡ್ತೇನೆ ಅನ್ನೋದು ಎಲ್ಲರೂ ಮಾಡುವ ತಪ್ಪು. ಹಾಸಿಗೆ, ಬಟ್ಟೆ, ಅಕ್ಕಿ ಮೂಟೆ ಇವೆಲ್ಲ ಸದ್ದನ್ನು ಹೀರಿಕೊಂಡು ಕೋಣೆಗೆ ಅದರದೇ ಒಂದು ದನಿ ಕೊಟ್ಟಿರುತ್ತವೆ. ಅವು ಹೋದರೆ ಅದೇ ಕೋಣೆ ಪ್ರತಿಧ್ವನಿಸುತ್ತೆ, ನೀನು ಮಲಗಿ ಎದ್ದ ಕೋಣೆಯ ಹಾಗೆ ಕೇಳೋದಿಲ್ಲ.

ಫೋನೇ ಸಾಕು. ವಾಟ್ಸಾಪ್‌ನ ವಾಯ್ಸ್ ಮೆಸೇಜಿನಲ್ಲಿ ಮಾತ್ರ ಹಿಡಿಯಬೇಡ, ಅದು ಮಾತಿಗೆ ಅಂತ ಮಾಡಿದ್ದು, ಸದ್ದನ್ನು ಬಹಳ ಕುಗ್ಗಿಸಿಬಿಡುತ್ತೆ. ಸದ್ದನ್ನು ಕುಗ್ಗಿಸದೆ ಇಡುವ ವೇವ್ (WAV) ಫೈಲ್ ಮಾಡಿಕೊಡುವ ರೆಕಾರ್ಡರ್ ಆ್ಯಪ್ ಹಾಕಿಕೊಂಡು ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್ ಇಡು. ನಾಯ್ಸ್ ರಿಡಕ್ಷನ್ ಅಂತ ಇದ್ದರೆ ತಪ್ಪದೆ ಆಫ್ ಮಾಡು. ಒಂದೇ ಸಮನೆ ಬರುವ ಸದ್ದನ್ನು ಗದ್ದಲ ಅಂದುಕೊಂಡು ಅಳಿಸೋದು ಅದರ ಕೆಲಸ. ಮಳೆಯ ಸದ್ದೂ ಒಂದೇ ಸಮನೆ ಬರುವಂಥದ್ದೇ, ಅದೂ ಅಳಿಸಿಹೋಗುತ್ತೆ. ಏರೋಪ್ಲೇನ್ ಮೋಡಿಗೆ ಹಾಕು. ಫೋನನ್ನು ಬರೀ ಹಲಗೆ ಮೇಲೆ ಇಡದೆ ನಾಲ್ಕು ಮಡಿಕೆ ಟವೆಲ್ ಮೇಲೆ ಇಡು, ಇಲ್ಲದಿದ್ದರೆ ಓಡಾಡುವವರ ಹೆಜ್ಜೆಯ ಅದುರು ಸೇರಿಕೊಳ್ಳುತ್ತೆ. ಒಂದೊಂದು ಸದ್ದು ಐದು ನಿಮಿಷಕ್ಕೆ ಕಡಿಮೆ ಇರಬಾರದು. ಐದು ನಿಮಿಷಕ್ಕೆ ಒಂದು ಚಾನೆಲಿನಲ್ಲಿ ಸುಮಾರು 29 ಎಂಬಿ ಆಗುತ್ತೆ, ಜಾಗದ ಚಿಂತೆ ಬೇಡ. ಶುರುವಿಗೆ ಜಾಗ, ದಿನ, ಹೊತ್ತು ಹೇಳಿ ಆಮೇಲೆ ಬಾಯಿ ಮುಚ್ಚಿಕೊಂಡಿರು. ಯಾರಿಗಾದರೂ ಕಳಿಸುವಾಗ ಡಾಕ್ಯುಮೆಂಟ್ ಅಂತಲೇ ಕಳಿಸು.

ಹಬ್ಬದ ಹೊತ್ತಿಗೆ ಹಿಂಗಾರಿನ ಒಂದೆರಡು ಗುಡುಗು ಮಳೆ ಬಂದರೂ ಬರಬಹುದು, ಸಂಜೆ ಹೊತ್ತು ಸಿದ್ಧವಾಗಿರು. ಹಂಚಿನ ಮಳೆಗೆ ಎರಡು ಜಾಗ ಬೇಕು. ಒಂದು ನಡುಮನೆಯ ಮಧ್ಯೆ, ಕಿಟಕಿ ಬಾಗಿಲಿಂದ ದೂರ. ಗಾಳಿ ನೇರ ಮೈಕಿಗೆ ಬಡಿದರೆ ಬರೀ 'ಭರ್' ಅಂತ ಕೇಳಿಸುತ್ತೆ. ಇನ್ನೊಂದು ಸೂರಿನ ಕೆಳಗೆ, ಹಂಚಿನ ತುದಿಯಿಂದ ನೀರು ಸಾಲಾಗಿ ಕಲ್ಲಿನ ಮೇಲೆ ಬೀಳುವಲ್ಲಿ. ಮಳೆ ನಿಂತ ಮೇಲೂ ಹತ್ತು ನಿಮಿಷ ಬಿಡು. ಹನಿಗಳ ನಡುವಿನ ಹೊತ್ತು ಹಿಗ್ಗುತ್ತಾ ಹೋಗುತ್ತಲ್ಲ, ನನ್ನ ಮಟ್ಟಿಗೆ ಮಳೆಗಿಂತ ಅದೇ ದೊಡ್ಡದು.

ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳಿಯೇ ಇಡು, ಕದ್ದು ಇಡಬೇಡ. ಆದರೆ 'ಈಗ ಮಾಡು' ಅನ್ನಬೇಡ. ಬೆಳಿಗ್ಗೆ ಮಜ್ಜಿಗೆ ಕಡೆಯುವ ಮೊದಲೇ ಫೋನನ್ನು ಎರಡು ಅಡಿ ದೂರದ ಗೂಡಿನಲ್ಲಿಟ್ಟು ನೀನು ಹೊರಗೆ ಹೋಗು. ಮೊದಲ ಐದು ನಿಮಿಷ ಅವರಿಗೆ ಫೋನಿನ ನೆನಪಿರುತ್ತೆ, ಆಮೇಲೆ ಕೈ ತನ್ನ ಪಾಡಿಗೆ ಹೋಗುತ್ತೆ. ಕಡಗೋಲಿನ ಸದ್ದು ಶುರುವಿನಲ್ಲಿ ತೆಳ್ಳಗೆ, ನೀರು ಚೆಲ್ಲಾಡಿದ ಹಾಗೆ ಇರುತ್ತೆ. ನೊರೆ ಏರಿದಾಗ ಮೆತ್ತಗಾಗುತ್ತೆ. ಬೆಣ್ಣೆ ಕಟ್ಟುವ ಹೊತ್ತಿಗೆ 'ದಡಕ್, ದಡಕ್' ಅಂತ ಭಾರವಾಗುತ್ತೆ, ಮುದ್ದೆಗಳು ಪಾತ್ರೆಗೆ ಬಡಿಯೋಕೆ ಶುರುವಾಗಿರುತ್ತೆ. ಅಮ್ಮ ನೋಡದೇ ಕೈ ನಿಲ್ಲಿಸೋದು ಆ ಸದ್ದು ಕೇಳಿ. ಆದ್ದರಿಂದ ಮಧ್ಯೆ ಕತ್ತರಿಸದೆ ಶುರುವಿಂದ ಕೊನೆಯವರೆಗೆ ಹಿಡಿ.

ನೀರು ತುಂಬುವ ಹಬ್ಬ ನರಕ ಚತುರ್ದಶಿಯ ಹಿಂದಿನ ಸಂಜೆ. ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಹಂಡೆಗೆ ಪೈಪು ಬಿಡದೆ ಈ ಸಲ ಕೊಡಪಾನದಲ್ಲೇ ತುಂಬಿಸಿ. ಖಾಲಿ ಹಂಡೆಗೆ ಬಿದ್ದ ಮೊದಲ ನೀರು ತಗ್ಗಿದ ದನಿಯಲ್ಲಿ ಗುಂಯ್‌ಗುಡುತ್ತೆ. ನೀರು ಮೇಲೇರಿದಂತೆ ಒಳಗಿನ ಗಾಳಿಯ ಜಾಗ ಕಡಿಮೆಯಾಗಿ ದನಿ ಒಂದೊಂದೇ ಮೆಟ್ಟಿಲು ಏರುತ್ತೆ. ಬಾವಿಯ ರಾಟೆಯದ್ದೂ ಅದರ ಜೊತೆಗೇ ಸಿಗುತ್ತೆ. ಬಾಗಿಲ ಅಗಳಿಯಂಥ ಒಮ್ಮೆಗೇ ಬಡಿಯುವ ಸದ್ದಿಗೆ ಫೋನನ್ನು ಆರೇಳು ಅಡಿ ದೂರ ಇಡು, ಹತ್ತಿರವಾದರೆ ಸದ್ದು ಒಡೆದುಹೋಗುತ್ತೆ. ರಾತ್ರಿ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಯ 'ಕಟ್, ಕಟ್' ಹಿಡಿಯಬೇಕಾದರೆ ಸುಲಿಯುವವರನ್ನು ಕೇಳಿಯೇ ಹಿಡಿ, ಅವರ ಮನೆ ಮಾತೂ ಅದರಲ್ಲಿ ಸೇರಿರುತ್ತೆ.

ಇನ್ನು ವಾಸನೆ. ಕಣ್ಣು ಕಿವಿಗಳ ಸುದ್ದಿ ಮಿದುಳಿನಲ್ಲಿ ಥಲಾಮಸ್ ಎಂಬ ಠಾಣೆ ಹಾದು ಮುಂದೆ ಹೋಗುತ್ತೆ. ವಾಸನೆಯದ್ದು ಹಾಗಲ್ಲ, ಮೂಗಿನ ಮೇಲ್ಗಡೆ ಮಿದುಳಿನಲ್ಲಿರುವ ಗಡ್ಡೆಯಂಥ ಭಾಗದಿಂದ ಭಾವನೆ, ನೆನಪು ನೋಡಿಕೊಳ್ಳುವ ಭಾಗಗಳಿಗೆ ಹತ್ತಿರದ ದಾರಿಯಲ್ಲೇ ಮುಟ್ಟುತ್ತೆ. ಅದಕ್ಕೇ ಹೆಸರು ನೆನಪಾಗುವ ಮೊದಲೇ ಗಂಟಲು ಕಟ್ಟೋದು. ಆದರೆ ಸದ್ದಿನ ಹಾಗೆ ಇದಕ್ಕೆ ನಕಲು ಇಲ್ಲ, ವಸ್ತುವನ್ನೇ ಇಟ್ಟುಕೊಳ್ಳಬೇಕು. ಹಗುರವಾದ ವಾಸನೆ ಬೇಗ ಹಾರುತ್ತೆ: ಕೊತ್ತಂಬರಿ, ಹೂವು, ಆಗಷ್ಟೇ ಹುರಿದ ಕಾಫಿ, ಇವಕ್ಕೆ ಆಸೆ ಪಡಬೇಡ. ಕಟ್ಟಿಗೆ ಹೊಗೆಯ ವಾಸನೆ ಫೀನಾಲ್ ಜಾತಿಯ ಭಾರದ ಅಣುಗಳದ್ದು, ಬಟ್ಟೆಗೆ ಹತ್ತಿದರೆ ತಿಂಗಳುಗಟ್ಟಲೆ ನಿಲ್ಲುತ್ತೆ. ನಿಮ್ಮ ಮನೆಯ ಮುಖ್ಯ ವಾಸನೆಯೇ ಹೊಗೆ ಆಗಿರೋದು ನಿನ್ನ ಪುಣ್ಯ.

ಅದಕ್ಕೆ ಕರಿಕಂಬಳಿಗಿಂತ ಒಳ್ಳೇ ಪಾತ್ರೆ ಇಲ್ಲ. ಉಣ್ಣೆ ವಾಸನೆಯನ್ನು ಹೀರಿ ನಿಧಾನಕ್ಕೆ ಬಿಡುತ್ತೆ. ತೊಳೆದು ಪೂರ್ತಿ ಒಣಗಿಸಿದ ಸಣ್ಣ ಕಂಬಳಿಯೊಂದನ್ನು ಬಚ್ಚಲ ಒಲೆಯ ಹೊಗೆ ಹೋಗುವ ಕಡೆ, ಕಿಡಿ ತಾಗದಷ್ಟು ಎತ್ತರದಲ್ಲಿ, ಮೂರು ಸಂಜೆ ನೇತುಹಾಕು. ಒಣ ಸೌದೆ ಚೆನ್ನಾಗಿ ಉರಿದರೆ ಹೊಗೆ ಕಡಿಮೆ. ಅಡಿಕೆ ಸಿಪ್ಪೆ, ಸ್ವಲ್ಪ ಹಸಿ ಇರುವ ಅಡಿಕೆ ಹಾಳೆ ಒಟ್ಟಿದರೆ ನಿಮ್ಮ ಬಚ್ಚಲಿನದೇ ಹೊಗೆ ಬರುತ್ತೆ. ಅಡಿಕೆ ಬೇಯಿಸುವ ದಿನ ಕಂಬಳಿಯನ್ನು ಆ ಒಲೆಯ ಹತ್ತಿರ ಒಯ್ಯಿ. ಚೊಗರಿನ, ಅಂದರೆ ಅಡಿಕೆ ಬೆಂದ ನೀರಿನ ಆವಿ ಸೇರಲಿ, ಆ ಒಗರು ವಾಸನೆ ಬೇರೆ ಎಲ್ಲೂ ಸಿಗೋದಿಲ್ಲ. ಆಮೇಲೆ ಒಂದು ರಾತ್ರಿ, ಒಂದು ಹಗಲು ನೆರಳಲ್ಲಿ ಆರಿಸು. ತೇವ ಉಳಿದರೆ ಎರಡೇ ವಾರದಲ್ಲಿ ಮುಗ್ಗಲು ಹಿಡಿದು ಉಳಿದೆಲ್ಲ ವಾಸನೆಯನ್ನು ನುಂಗಿಹಾಕುತ್ತೆ.

ಕಟ್ಟುವಾಗ ಪ್ಲಾಸ್ಟಿಕ್ ಕವರನ್ನು ನಂಬಬೇಡ. ತೆಳು ಕವರಿನಿಂದ ವಾಸನೆ ಸೋರುತ್ತೆ, ಅದರದೇ ವಾಸನೆಯೂ ಹತ್ತುತ್ತೆ. ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕು. ಉಣ್ಣೆಗೆ ಹುಳು ಬೀಳುತ್ತೆ ಅಂತ ನುಸಿಗುಳಿಗೆ ಹಾಕಿದರೆ ಮುಗೀತು, ಆಮೇಲೆ ಬರೀ ಗುಳಿಗೆಯ ವಾಸನೆ. ಅದರ ಬದಲು ಮೆಲ್ಬೋರ್ನ್ ತಲುಪಿದ ಮೇಲೆ ದಪ್ಪ ಕವರಿನಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 18 ಡಿಗ್ರಿ ಫ್ರೀಜರಿನಲ್ಲಿ ಎರಡು ವಾರ ಇಡು. ಹೊರತೆಗೆದು, ಬಿಸಿ ಕೋಣೆಗೆ ಹೊಂದಿಕೊಂಡ ಮೇಲೇ ಕವರು ಬಿಚ್ಚು, ಇಲ್ಲವಾದರೆ ಇಬ್ಬನಿ ಕೂತು ಒದ್ದೆಯಾಗುತ್ತೆ.

ಮಣ್ಣು ಒಯ್ಯುವ ಯೋಚನೆ ಬಿಟ್ಟುಬಿಡು. ಆಸ್ಟ್ರೇಲಿಯಾದಲ್ಲಿ ಚಪ್ಪಲಿಗೆ ಅಂಟಿದ ಮಣ್ಣನ್ನೂ ಬಿಡೋದಿಲ್ಲ ಅಂತ ನಿನಗೇ ಗೊತ್ತು. ಕಂಬಳಿ, ಸೀಗೆಪುಡಿ, ಮರದ ಚೂರು ಎಲ್ಲವನ್ನೂ ಅಲ್ಲಿ ಇಳಿಯುವಾಗ ತುಂಬುವ ಕಾರ್ಡಿನಲ್ಲಿ ಬರೆದು ತೋರಿಸು, ಮುಚ್ಚಿಟ್ಟು ಸಿಕ್ಕಿಬಿದ್ದರೆ ವಸ್ತುವೂ ಹೋಗುತ್ತೆ, ದಂಡವೂ ಬೀಳುತ್ತೆ. ಮೊದಲ ಮಳೆಯ ವಾಸನೆಗೆ ಮಣ್ಣಿನ ಬದಲು ಹಂಚು ತಗೋ. ಇದಕ್ಕೆ ಒಂದು ಕಾರಣ ಇದೆ. ಆ ವಾಸನೆಗೆ ಪೆಟ್ರಿಕೋರ್ ಅಂತ ಹೆಸರಿಟ್ಟವರು ನಿನ್ನ ಮೆಲ್ಬೋರ್ನಿನಲ್ಲೇ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳಾದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್, 1964ರಲ್ಲಿ. ಒಣ ದಿನಗಳಲ್ಲಿ ಕಲ್ಲು, ಜೇಡಿಮಣ್ಣು ಗಾಳಿಯಿಂದ ಹೀರಿಕೊಂಡ ಎಣ್ಣೆ ನೀರು ಬಿದ್ದಾಗ ಹೊರಬರುತ್ತೆ ಅಂತ ತೋರಿಸಿದರು. ಉತ್ತರ ಪ್ರದೇಶದ ಕನೌಜಿನವರು ಸುಟ್ಟ ಮಣ್ಣಿನ ಬಿಲ್ಲೆಗಳನ್ನು ತಾಮ್ರದ ಪಾತ್ರೆಯಲ್ಲಿ ನೀರು ಹಾಕಿ ಕಾಯಿಸಿ, ಆ ಆವಿಯನ್ನು ಗಂಧದೆಣ್ಣೆಗೆ ಇಳಿಸಿ ಮಿಟ್ಟಿ ಅತ್ತರು ಮಾಡೋದೂ ಇದನ್ನೇ ನಂಬಿ. ಹಸಿ ಮಣ್ಣಿನ ಘಮದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಕೂಡ ಇರುತ್ತೆ, ಹಂಚಿನಲ್ಲಿ ಆ ಭಾಗ ಕಡಿಮೆ. ಆದರೂ ಹತ್ತಿರಕ್ಕೆ ಹತ್ತಿರ.

ಹಂಚನ್ನು ತೆಂಗಿನ ನಾರಿನಲ್ಲಿ ತಿಕ್ಕಿ ಪಾಚಿ, ಮಣ್ಣು ಪೂರ್ತಿ ತೆಗೆದು, ನಾಲ್ಕೈದು ದಿನ ಬಿಸಿಲಿಗಿಡು. ಸೋಪು ಹಾಕಬೇಡ, ಹಂಚು ಅದನ್ನು ಕುಡಿದುಬಿಡುತ್ತೆ. ಮೆಲ್ಬೋರ್ನಿನಲ್ಲಿ ಬೇಗ ಒಣಗಲಿ ಅಂತ ಓವನ್ನಿಗೂ ಹಾಕಬೇಡ, ಹೀರಿಕೊಂಡದ್ದೆಲ್ಲ ಕಾವಿಗೆ ಹಾರಿಹೋಗುತ್ತೆ. ಕಿಟಕಿಯಲ್ಲಿ ವಾರಗಟ್ಟಲೆ ಒಣಗಲು ಬಿಟ್ಟು, ಒಂದು ದಿನ ಕೈಯಲ್ಲಿ ನೀರು ಚಿಮುಕಿಸು. ಸುರಿಯಬೇಡ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2015ರಲ್ಲಿ ವೇಗದ ಕ್ಯಾಮೆರಾದಲ್ಲಿ ನೋಡಿದಾಗ, ಹನಿ ಬಿದ್ದ ಜಾಗದಲ್ಲಿ ಸಿಕ್ಕಿಕೊಂಡ ಗಾಳಿ ಗುಳ್ಳೆಯಾಗಿ ಮೇಲೆದ್ದು ಒಡೆದು ವಾಸನೆಯನ್ನು ಹಾರಿಸೋದು ಕಂಡಿತು. ಅದೂ ಜೋರು ಮಳೆಗಿಂತ ಹಗುರ, ಮಧ್ಯಮ ಮಳೆಯಲ್ಲೇ ಹೆಚ್ಚು.

ಇದನ್ನೆಲ್ಲ ಮೆಲ್ಬೋರ್ನಿನಲ್ಲಿ ದಿನಾ ತೆಗೆದು ಮೂಸಬೇಡ ಕಣೋ. ವಾಸನೆಯೂ ಸವೆಯುತ್ತೆ, ಅದಕ್ಕಿಂತ ಹೆಚ್ಚಾಗಿ ಅಲ್ಲಿನ ಅಡುಗೆಮನೆ, ಅಲ್ಲಿನ ಸೋಮವಾರಗಳು ಅದಕ್ಕೆ ಅಂಟಿಕೊಳ್ಳುತ್ತವೆ. ವರ್ಷಕ್ಕೆ ಎರಡು ಮೂರು ಸಲ, ಒಂದೆರಡು ನಿಮಿಷ ಸಾಕು. ಡಬ್ಬಿ ಬಿಚ್ಚಿದಾಗ ನೀನು ಮೊದಲ ದಿನ ಬರೆದ ಕಾಗದವನ್ನೂ ಜೊತೆಗಿಟ್ಟುಕೋ. ಮಕ್ಕಳಿಗೂ ಮೂಸಲು ಕೊಡು, ಆದರೆ ಏನು ಅಂತ ಮೊದಲೇ ಹೇಳಬೇಡ.

ಹಂಚಿನ ವಿಷಯ ಮಾತ್ರ ಇವತ್ತೇ ಫೋನ್ ಮಾಡಿ ಹೇಳಿಬಿಡು. ಹಳೇ ಹಂಚು ಕೊಳ್ಳುವವರು ಲೆಕ್ಕ ಮಾಡಿ ಲಾರಿಗೆ ಹಾಕಿಬಿಡ್ತಾರೆ, ಆಮೇಲೆ ಕೇಳಿದರೆ ಸಿಗೋದಿಲ್ಲ. ಎರಡು ತೆಗೆದಿಡೋಕೆ ಹೇಳು: ಒಂದು ಸೂರಿನ ಸಾಲಿನದ್ದು, ಇನ್ನೊಂದು ಅಡುಗೆ ಒಲೆಯ ನೇರ ಮೇಲಿನದ್ದು, ಇಲ್ಲಣ ಹಿಡಿದು ಒಳಮೈ ಕಪ್ಪಾದದ್ದು. ಈ ಎರಡನೆಯದನ್ನು ಯಾರೂ ತೊಳೆಯಕೂಡದು. ಅದು ಊರಲ್ಲೇ, ಅಮ್ಮ ಇರುವ ಹೊಸ ಮನೆಯಲ್ಲಿ ಇರಲಿ. ಹಿಂದೆ ತಿರುಗಿಸಿ ನೋಡು, ಮಂಗಳೂರು ಹಂಚಾದ್ದರಿಂದ ಕಾರ್ಖಾನೆಯ ಹೆಸರು ಒತ್ತಿರುತ್ತೆ. ಏನಿದೆ ಅಂತ ನನಗೆ ಬರೆ.

ನಿನ್ನ ಗೆಳೆಯ