ತಮ್ಮ ಮನೆಗೆ ಬಂದಿದ್ದಾನೆ, ಹುಂಡಿಯ ಲೆಕ್ಕವೂ ಬಾಕಿ ಇದೆ

ಶಿಡ್ಲಘಟ್ಟದ ನೂಲು ತೆಗೆಯುವ ರೀಲರ್ ಬಂಧುಗಳೇ, ರೇಷ್ಮೆಗೂಡಿನ ಮಾರುಕಟ್ಟೆಯ ಹಮಾಲರೇ, ಪ್ಲೇಟ್‌ಲೆಟ್ ಕೊಡಲು ಬೆಳಗಿನ ಬಸ್ ಹತ್ತಿ ಬೆಂಗಳೂರಿಗೆ ಬಂದ ಹುಡುಗರೇ, ನನ್ನ ತಮ್ಮನ ಸ್ಕ್ಯಾನ್‌ನಲ್ಲಿ ಈಗ ಲಿಂಫೋಮಾ ಎಂಬ ಕ್ಯಾನ್ಸರ್‌ನ ಸುಳಿವಿಲ್ಲ. ಕೀಮೋ ಮುಗಿದ ಮೇಲೂ ಮರುಕಳಿಸಿದ್ದ ಕಾಯಿಲೆ. ಹೆಚ್ಚು ಹಿಗ್ಗಲು ಭಯ, ಸುಮ್ಮನಿರಲು ಮನಸ್ಸಿಲ್ಲ.

ಅವನಿಗೆ ಕೊಟ್ಟದ್ದು ಕಾರ್-ಟಿ ಚಿಕಿತ್ಸೆ. ಅವನದೇ ರಕ್ತದಿಂದ, ರೋಗದ ವಿರುದ್ಧ ಹೋರಾಡುವ ಟಿ ಕಣಗಳನ್ನು ತೆಗೆದು, ಕ್ಯಾನ್ಸರ್ ಕಣದ ಮೇಲಿನ ಸಿಡಿ19 ಎಂಬ ಗುರುತನ್ನು ಪತ್ತೆಹಚ್ಚುವ ಜೀನ್ ಸೇರಿಸಿ, ಬೆಳೆಸಿ, ಮತ್ತೆ ಮೈಗೆ ಹರಿಸುತ್ತಾರೆ. ಹೆಪ್ಪುಗಟ್ಟಿದ್ದ ಪುಟ್ಟ ಚೀಲ ಬೆಚ್ಚಗಿನ ನೀರಿನಲ್ಲಿ ಕರಗಿ, ನೋಡನೋಡುತ್ತಲೇ ಖಾಲಿಯಾಯಿತು. ಕಷ್ಟವೆಲ್ಲ ಆಮೇಲೆ. ಸುಡುವ ಜ್ವರ. ಮೆದುಳಿಗೆ ತೊಂದರೆ ತಟ್ಟಿದೆಯೇ ಎಂದು ನೋಡಲು ದಾದಿಯರು ಅವನಿಂದ ದಿನವೂ ಒಂದು ವಾಕ್ಯ ಬರೆಸುತ್ತಿದ್ದರು. ‘ಇವತ್ತು ಗೂಡಿನ ದರ ಎಷ್ಟು?’ ಎಂದೇ ಬರೆಯುತ್ತಿದ್ದ, ಪುಣ್ಯಾತ್ಮ. ಒಂದು ರಾತ್ರಿ ಅಕ್ಷರಗಳು ಗೆರೆ ಬಿಟ್ಟು ಜಾರಿದವು. ಅದನ್ನು ಕಂಡೊಡನೆ ವೈದ್ಯರನ್ನು ಎಬ್ಬಿಸಿ ಕರೆತಂದ ದಾದಿಗೆ ಕನ್ನಡ ಬಾರದು. ಅವರಿಗೆ ಈ ಬರಹವನ್ನು ಯಾರಾದರೂ ಓದಿ ಹೇಳಿ.

ಒಪ್ಪಿಗೆ ಪತ್ರವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಬಿಡಿಸಿ ಹೇಳಿದ ವೈದ್ಯೆಗೂ ನಮಸ್ಕಾರ. ಅಪರೂಪಕ್ಕೆ ಈ ಚಿಕಿತ್ಸೆಯ ನಂತರ ಹೊಸದೊಂದು ರಕ್ತದ ಕ್ಯಾನ್ಸರ್ ಬರಬಹುದು, 2024ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಆ ಎಚ್ಚರಿಕೆಯನ್ನು ಕಡ್ಡಾಯ ಮಾಡಿದ್ದಾರೆ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ‘ಸಹಿ ಹಾಕದಿದ್ದರೂ ನಾನೇ ನೋಡಿಕೊಳ್ಳುತ್ತೇನೆ’ ಎಂದರು. ತಮ್ಮ ಸಹಿ ಹಾಕಿದ್ದು ಆ ಮಾತಿನ ಮೇಲೆ.

‘ಜೀನ್ ತಿದ್ದಿಸಿಕೊಂಡವನಿಗೆ ಹೆಣ್ಣು ಕೊಡುವವರು ಯಾರು, ನಾಳೆ ಮಕ್ಕಳಿಗೂ ಇಳಿಯುವುದಿಲ್ಲವೇ’ ಎಂದು ಸೋದರತ್ತೆ ಕೇಳಿದ್ದರು. ಇಲ್ಲ ಅತ್ತೆ. ತಿದ್ದಿದ್ದು ರಕ್ತದ ಕಣಗಳನ್ನು ಮಾತ್ರ. 2018ರಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ಭ್ರೂಣವನ್ನೇ ತಿದ್ದಿ ಮಕ್ಕಳನ್ನು ಹುಟ್ಟಿಸಿ, ಜೈಲಿಗೂ ಹೋದ. ಅದು ಬೇರೆಯೇ ಕೆಲಸ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕೂಡ ಅದನ್ನು ಒಪ್ಪುವುದಿಲ್ಲ.

ನನ್ನನ್ನು ಕಾಡುವುದು ಹಣದ ಪ್ರಶ್ನೆ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ವಿಜ್ಞಾನಿಗಳ ಶ್ರಮದಿಂದ ದೇಶದ್ದೇ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ವಿದೇಶದಲ್ಲಿ ಕೋಟಿಗಳಾಗುವುದು ಇಲ್ಲಿ ಲಕ್ಷಗಳಿಗೆ ಇಳಿದಿದೆ, ನಿಜ. ಆದರೆ ಆ ಲಕ್ಷಗಳಿಗೂ ನಾವು ಹಿಪ್ಪುನೇರಳೆ ತೋಟ ಮಾರಬೇಕಾಯಿತು, ಮಿಕ್ಕದ್ದನ್ನು ನೀವು ತುಂಬಿದಿರಿ. ಪಕ್ಕದ ಹಾಸಿಗೆಯ ಹುಡುಗನ ತಾಯಿ ಒಮ್ಮೆ ಖರ್ಚು ಕೇಳಿದರು. ಮತ್ತೆ ಆ ಮಾತು ಎತ್ತಲಿಲ್ಲ.

ಮಾರುಕಟ್ಟೆಯ ಹುಂಡಿಯಲ್ಲಿ ಸ್ವಲ್ಪ ಹಣ ಉಳಿದಿದೆ. ನಿಮ್ಮ ಪಾಲು ಬೇಕಾದವರು ಭಾನುವಾರದೊಳಗೆ ಹೇಳಿ. ಉಳಿದದ್ದನ್ನು ಆ ತಾಯಿಗೆ ತಲುಪಿಸುತ್ತೇನೆ.