ಹಾಸನದಲ್ಲಿ ವಾಟರ್ ಸರ್ವಿಸ್ ವಹಿಸಿಕೊಂಡ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಬಿ.ಎಂ. ರಸ್ತೆಯ ಪಕ್ಕದಲ್ಲಿ ಗಾಡಿ ತೊಳೆದು ಕೊಡುವ ಆ ವಾಟರ್ ಸರ್ವಿಸ್ ಅನ್ನು ಕೊನೆಗೂ ನೀನೇ ವಹಿಸಿಕೊಂಡೆ ಎಂದು ತಿಳಿದು ಸಂತೋಷವಾಯಿತು. ಪಂಪು, ಕಂಪ್ರೆಸರ್, ರ‍್ಯಾಂಪು, ಬೋರ್‌ವೆಲ್ ಎಲ್ಲವೂ ಸುಸ್ಥಿತಿಯಲ್ಲಿದ್ದರೂ ಗಿರಾಕಿಗಳು ಮಾತ್ರ ಬರುತ್ತಿಲ್ಲವೆಂದು ಬರೆದು, ಕರಪತ್ರ ಹಂಚಿಸಲೇ, ಫೇಸ್‌ಬುಕ್‌ನಲ್ಲಿ ಜಾಹೀರಾತು ಕೊಡಲೇ, ಮೊದಲ ತಿಂಗಳು ಅರ್ಧ ದರಕ್ಕೆ ತೊಳೆದು ಕೊಡಲೇ ಎಂದು ಕೇಳಿದ್ದೀಯೆ. ತುಮಕೂರಿನಲ್ಲಿ ಇದೇ ಕಸುಬಿನಲ್ಲಿರುವವನಾಗಿ ನಾನು ಹೇಳುವುದಿಷ್ಟು: ಈ ಮೂರನ್ನೂ ಸದ್ಯಕ್ಕೆ ಬದಿಗಿಡು. ಹೊಸದಾಗಿ ತೆರೆದ ಅಂಗಡಿಯ ಕಷ್ಟವೆಂದರೆ ಅದು ಯಾರಿಗೂ ಗೊತ್ತಿರುವುದಿಲ್ಲ. ನಿನ್ನ ಅಂಗಡಿ ಊರಿಗೆಲ್ಲ ಗೊತ್ತಿದೆ, ಗೊತ್ತಿರುವುದರಿಂದಲೇ ಜನ ಅದನ್ನು ದಾಟಿ ಮುಂದಿನದಕ್ಕೆ ಹೋಗುತ್ತಿದ್ದಾರೆ. ಹೀಗಿರುವಾಗ ಜಾಹೀರಾತಿಗೆ ಸುರಿದ ಹಣ, ಜನ ಮರೆಯುತ್ತಿದ್ದ ಹಳೆಯ ದೂರನ್ನು ಮತ್ತೆ ನೆನಪಿಸುವುದಕ್ಕಷ್ಟೇ ಉಪಯೋಗವಾದೀತು.

ಆದ್ದರಿಂದ ಮೊದಲು ಹಳೆಯ ಬಿಲ್ ಪುಸ್ತಕಗಳನ್ನು ಕೇಳಿ ತರಿಸಿಕೋ. ಹಿಂದಿನ ಮಾಲೀಕರು ಅವುಗಳನ್ನು ಮೂಟೆ ಕಟ್ಟಿ ಎಲ್ಲೋ ಇಟ್ಟಿರುತ್ತಾರೆ, ಗಾಡಿಯ ನಂಬರಿನ ಪಕ್ಕದಲ್ಲಿ ಫೋನ್ ನಂಬರೂ ಇರುತ್ತದೆ. ಅಲ್ಲಿ ಪದೇ ಪದೇ ಕಾಣಿಸಿಕೊಂಡು ಆಮೇಲೆ ಥಟ್ಟನೆ ನಿಂತುಹೋದ ಗಾಡಿಗಳನ್ನು ಗುರುತು ಹಾಕಿಕೊಂಡು, ಅವುಗಳ ಮಾಲೀಕರಿಗೆ ನೀನೇ ಫೋನ್ ಮಾಡು. ‘ಬನ್ನಿ’ ಎಂದು ಕರೆಯಬೇಡ, ‘ಅಂಗಡಿಯನ್ನು ಈಗ ನಾನು ನಡೆಸುತ್ತಿದ್ದೇನೆ, ಇಲ್ಲಿಗೆ ಬರುವುದನ್ನು ಯಾಕೆ ಬಿಟ್ಟಿರಿ ಎಂದು ತಿಳಿದುಕೊಳ್ಳಬೇಕಿತ್ತು’ ಎಂದಷ್ಟೇ ಕೇಳು. ನಮ್ಮ ಜನಕ್ಕೆ ದೂರು ಹೇಳಲು ಸಂಕೋಚವಿರುತ್ತದೆ ನಿಜ, ಆದರೆ ಕೇಳುವವನು ತಪ್ಪು ಮಾಡಿದವನಲ್ಲ ಎಂದು ಗೊತ್ತಾದ ಕೂಡಲೇ ಮನಬಿಚ್ಚಿ ಮಾತಾಡುತ್ತಾರೆ. ನನ್ನ ಅನುಭವದಲ್ಲಿ ಉತ್ತರಗಳು ಹೆಚ್ಚುಕಡಿಮೆ ಮೂರೇ ಬಗೆಯವು: ಬಣ್ಣದ ಮೇಲೆ ಗೀರು ಬಿದ್ದಿತು, ಅರ್ಧ ಗಂಟೆಯೆಂದು ಹೇಳಿ ಎರಡು ಗಂಟೆ ಕೂರಿಸಿದರು, ಗಾಡಿಯೊಳಗಿದ್ದ ಚಿಲ್ಲರೆಯೋ ಚಾರ್ಜರೋ ಕಾಣೆಯಾಯಿತು.

ಗೀರಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಈ ದಂಧೆಯ ಮಾನ ನಿಂತಿರುವುದು ಒಂದು ಬಟ್ಟೆಯ ಮೇಲೆ. ಹುಡುಗರು ಬನಿಯನ್ ಬಟ್ಟೆಯ ಚೂರುಗಳಿಂದ, ಅಂದರೆ ಬನಿಯನ್ ವೇಸ್ಟ್‌ನಿಂದ ಚಕ್ರ ಒರೆಸುತ್ತಾರೆ, ಅದು ನೆಲಕ್ಕೆ ಬೀಳುತ್ತದೆ, ಅದನ್ನೇ ಎತ್ತಿ ಒಮ್ಮೆ ಕೊಡವಿ ಬಾನೆಟ್ ಒರೆಸುತ್ತಾರೆ. ಆ ಬಟ್ಟೆಯ ಎಳೆಯಲ್ಲಿ ಸಿಕ್ಕಿಕೊಂಡ ಮರಳಿನ ಕಣ ಮಾಡುವ ಹಾನಿ ನೆರಳಿನಲ್ಲಿ ಕಾಣುವುದಿಲ್ಲ. ಸಂಜೆಯ ಓರೆಬಿಸಿಲಿನಲ್ಲಿ ಕಪ್ಪು ಕಾರೊಂದನ್ನು ನಿಲ್ಲಿಸಿ ನೋಡು, ಬಾನೆಟ್ ತುಂಬ ಜೇಡರ ಬಲೆಯಂತೆ ಸುತ್ತುಸುತ್ತಾದ ಗೆರೆಗಳು ಎದ್ದು ಕಾಣುತ್ತವೆ, ಆ ಕಾರಿನ ಒಡೆಯ ಮತ್ತೆಂದೂ ನಿನ್ನ ಗೇಟಿನೊಳಗೆ ಬರುವುದಿಲ್ಲ. ಬನಿಯನ್ ವೇಸ್ಟ್ ಅನ್ನು ಇಂದೇ ಹೊರಗೆ ಹಾಕು. ಗಾಡಿಯ ಮೈಗೆ ನೀಲಿ, ಗಾಜಿಗೆ ಹಸಿರು, ಚಕ್ರಕ್ಕೆ ಕೆಂಪು ಎಂದು ಬಣ್ಣ ಗೊತ್ತುಮಾಡಿ ಮೈಕ್ರೋಫೈಬರ್ ಬಟ್ಟೆ ತರಿಸು, ನೆಲಕ್ಕೆ ಬಿದ್ದ ಬಟ್ಟೆ ಆ ದಿನಕ್ಕೆ ಮುಗಿಯಿತು ಎಂಬ ನಿಯಮ ಮಾಡು. ಶಾಂಪೂ ನೀರಿಗೊಂದು, ಕೊಳೆ ಜಾಲಿಸುವುದಕ್ಕೊಂದು ಎಂದು ಎರಡು ಬಕೆಟ್ ಇರಲಿ. ಬಟ್ಟೆ ಒಗೆಯುವ ಸೋಪಿನ ಪುಡಿ ಕ್ಷಾರೀಯವಾದದ್ದು, ಅದು ಬಣ್ಣದ ಮೇಲಿನ ವ್ಯಾಕ್ಸ್ ಪದರವನ್ನೇ ಕಿತ್ತುಹಾಕುತ್ತದೆ. ಇನ್ನು ತೊಳೆದಾದ ಮೇಲೆ ಚಾಸಿಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ, ಡೀಸೆಲ್ ಸ್ಪ್ರೇ ಹೊಡೆಯುವ ಹಳೆಯ ಪದ್ಧತಿಯನ್ನು, ಗಿರಾಕಿ ಕೇಳಿದರೂ, ಮಾಡಬೇಡ. ಅದರಿಂದ ರಬ್ಬರ್ ಬುಷ್‌ಗಳು ಉಬ್ಬಿ ಹಾಳಾಗುತ್ತವೆ, ಎಣ್ಣೆಗೆ ಧೂಳು ಬೇರೆ ಮೆತ್ತಿಕೊಳ್ಳುತ್ತದೆ.

ಇದನ್ನೆಲ್ಲ ಮಾಡಿದರಷ್ಟೇ ಸಾಲದು, ಗಿರಾಕಿಯ ಕಣ್ಣಿಗೆ ಬೀಳುವಂತೆ ಮಾಡಬೇಕು. ಬಟ್ಟೆಗಳನ್ನು ಒಳಕೋಣೆಯಲ್ಲಿ ಅಡಗಿಸದೆ, ಅವನು ಕೂರುವ ಬೆಂಚಿನ ಎದುರಿಗೇ ಬಣ್ಣವಾರು ತಂತಿಗೆ ಹಾಕಿಸು. ಗಾಡಿ ಒಳಗೆ ಬಂದ ಕೂಡಲೇ ಹುಡುಗ ಅದರ ಸುತ್ತ ಫೋನಿನಲ್ಲಿ ವಿಡಿಯೋ ತೆಗೆದು ಗಿರಾಕಿಯ ವಾಟ್ಸ್‌ಆ್ಯಪ್‌ಗೆ ಕಳುಹಿಸಲಿ, ಹಳೆಯ ಗೀರು ಯಾವುದು, ಹೊಸದು ಯಾವುದು ಎಂಬ ಜಗಳವೇ ಅಲ್ಲಿಗೆ ಮುಗಿಯುತ್ತದೆ. ಒಳಗಿರುವ ಚಿಲ್ಲರೆ, ಕನ್ನಡಕ, ಫಾಸ್ಟ್ಯಾಗ್ ಕಾಗದ ಎಲ್ಲವನ್ನೂ ಅವನ ಎದುರಿಗೇ ಒಂದು ಜಿಪ್ ಚೀಲಕ್ಕೆ ಹಾಕಿ ಅವನ ಕೈಗೇ ಕೊಡಿಸು. ಚೀಲದ ಬೆಲೆ ಒಂದೆರಡು ರೂಪಾಯಿ, ಆದರೆ ಅದನ್ನು ಪಡೆದವನು ಮನೆಗೆ ಹೋಗಿ ಹೇಳುವ ಮೊದಲ ಮಾತೇ ಅದಾಗಿರುತ್ತದೆ.

ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿದೆಯಾ? ಗಡಸು ನೀರು ಬಿಸಿ ಬಾನೆಟ್ ಮೇಲೆ ತಾನಾಗಿ ಆರಿದರೆ ಸುಣ್ಣದ ಬಿಳಿ ಚುಕ್ಕೆಗಳು ಉಳಿಯುತ್ತವೆ, ಗಾಜಿನ ಮೇಲಂತೂ ಅವು ಸುಲಭಕ್ಕೆ ಹೋಗುವುದಿಲ್ಲ. ಗಾಡಿಯನ್ನು ನೆರಳಿಗೆ ತಂದು, ಎಂಜಿನ್ ತಣ್ಣಗಾದ ಮೇಲೆ ತೊಳೆದು, ಒಂದೊಂದೇ ಭಾಗವನ್ನು ಕೂಡಲೇ ಒರೆಸಬೇಕು. ಕೊನೆಯ ಸಲ ಜಾಲಿಸುವುದಕ್ಕೆ ಮಳೆನೀರಿಗಿಂತ ಒಳ್ಳೆಯದು ಬೇರೊಂದಿಲ್ಲ. ನಿನ್ನ ಶೆಡ್ಡಿನ ತಗಡಿನ ಮಾಡು ನೂರು ಚದರ ಮೀಟರ್ ಇದ್ದರೆ ಹತ್ತು ಮಿಲಿಮೀಟರಿನ ಒಂದೇ ಮಳೆಗೆ ಸಾವಿರ ಲೀಟರ್‌ನಷ್ಟು ನೀರು ಬೀಳುತ್ತದೆ, ಅದನ್ನು ಚರಂಡಿಗೆ ಬಿಡುವ ಬದಲು ಸಿಂಟೆಕ್ಸ್ ತೊಟ್ಟಿಗೆ ತಿರುಗಿಸು. ನಿಮಿಷಕ್ಕೆ ಹತ್ತು ಲೀಟರ್ ಬಿಡುವ ಪ್ರೆಶರ್ ಗನ್ ಅನ್ನು ಹುಡುಗರು ಒಂದು ಗಾಡಿಗೆ ಆರು ನಿಮಿಷ ಒತ್ತಿದರೆ ಅರವತ್ತು ಲೀಟರಿಗೆ ಕೆಲಸ ಮುಗಿಯುತ್ತದೆ. ತೆರೆದ ಪೈಪಿನಲ್ಲಿ ಅದರ ಎರಡು ಮೂರು ಪಟ್ಟು ಹರಿದುಹೋಗುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಹಾಸನಕ್ಕೆ ಆ ಆದೇಶ ಅನ್ವಯಿಸುವುದಿಲ್ಲವಾದರೂ, ಬೇಸಿಗೆಯಲ್ಲಿ ಕೊಡ ಹಿಡಿದು ನಿಂತ ಜನರ ಎದುರಿಗೆ ರಸ್ತೆಯವರೆಗೆ ನೀರು ಹರಿಸುವ ಅಂಗಡಿಗೆ ಯಾವ ಊರಿನಲ್ಲೂ ಒಳ್ಳೆಯ ಹೆಸರು ಬರುವುದಿಲ್ಲ.

ಅಂಗಡಿಯ ಹೆಸರು ಬದಲಾಯಿಸಲೇ ಎಂದು ನೀನು ಕೇಳಿದ್ದೆ. ಬದಲಾಯಿಸಬೇಡ ಎಂದೇ ನನ್ನ ಸಲಹೆ. ಆಟೋದವರಿಗೆ ದಾರಿ ಹೇಳುವಾಗ ಜನ ಆ ಅಂಗಡಿಯ ಹೆಸರನ್ನೇ ಗುರುತಾಗಿ ಬಳಸುತ್ತಾರೆ, ಅಂಥ ಗುರುತನ್ನು ದುಡ್ಡು ಕೊಟ್ಟು ಮತ್ತೆ ಸಂಪಾದಿಸಲಾಗದು. ಹಳೆಯ ಹೆಸರಿನ ಕೆಳಗೆ ‘ಆಡಳಿತ ಬದಲಾಗಿದೆ’ ಎಂದು ದಪ್ಪಕ್ಷರದಲ್ಲಿ ಬರೆಸು. ಫಲಕದ ಶೇಕಡ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂಬ ಕಾನೂನು 2024ರಲ್ಲಿ ಬಂದಿದೆ, ಬರೆಸುವವನಿಗೆ ಮೊದಲೇ ತಿಳಿಸು. ಹಿಂದಿನವರ ಮೊಬೈಲ್ ನಂಬರು ಗೋಡೆಯ ಮೇಲೆ ಇನ್ನೂ ಇದೆಯಲ್ಲ, ಸಾಧ್ಯವಾದರೆ ಆ ಸಿಮ್ ಅನ್ನೇ ನಿನ್ನ ಹೆಸರಿಗೆ ವರ್ಗಾಯಿಸಿಕೋ. ಗೂಗಲ್ ಮ್ಯಾಪಿನಲ್ಲಿರುವ ಅಂಗಡಿಯ ಪುಟದ ಮಾಲೀಕತ್ವವನ್ನೂ ಅವರಿಂದ ಪಡೆದುಕೊಂಡು, ಒಂದು ನಕ್ಷತ್ರದ ಪ್ರತಿಯೊಂದು ಹಳೆಯ ದೂರಿನ ಕೆಳಗೆ, ಈಗ ಏನು ಬದಲಾಗಿದೆ ಎಂಬುದನ್ನು ಎರಡು ಸಾಲಿನಲ್ಲಿ ಬರೆ. ಐದು ನಕ್ಷತ್ರ ಕೊಟ್ಟವರಿಗೆ ರಿಯಾಯಿತಿ ಎಂದು ಮಾತ್ರ ಹೇಳಬೇಡ. ಅದು ಗೂಗಲ್‌ನ ನಿಯಮಕ್ಕೆ ವಿರುದ್ಧ, ಓದುವವರಿಗೂ ವಾಸನೆ ಬಡಿಯುತ್ತದೆ.

ಅರ್ಧ ದರದ ಯೋಚನೆ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಐನೂರಕ್ಕೆ ತೊಳೆಯುವುದನ್ನು ತಿಂಗಳಿಡೀ ಇನ್ನೂರೈವತ್ತಕ್ಕೆ ಕೊಟ್ಟರೆ, ಮುಂದಿನ ತಿಂಗಳು ನೀನು ದರವನ್ನು ದುಪ್ಪಟ್ಟು ಮಾಡಿದೆ ಎಂದೇ ಜನ ತಿಳಿಯುತ್ತಾರೆ. ಅಲ್ಲದೆ ರಿಯಾಯಿತಿ ನೋಡಿ ಬರುವವರೆಲ್ಲ ಭಾನುವಾರವೇ ಬಂದು, ಪೂರ್ತಿ ದರ ಕೊಡುವವನನ್ನು ಗೇಟಿನಿಂದ ವಾಪಸು ಕಳುಹಿಸುವಂತೆ ಮಾಡುತ್ತಾರೆ. ಕೊಡುವುದಾದರೆ ಮಂಗಳವಾರದಿಂದ ಗುರುವಾರದವರೆಗೆ ಮಾತ್ರ ಕೊಡು, ಅದೂ ದರ ಇಳಿಸಿ ಅಲ್ಲ, ಮ್ಯಾಟುಗಳನ್ನು ಉಜ್ಜಿ ಒಣಗಿಸುವಂಥ ಒಂದು ಹೆಚ್ಚಿನ ಕೆಲಸ ಸೇರಿಸಿ. ಭಾನುವಾರಕ್ಕೆ ವಾಟ್ಸ್‌ಆ್ಯಪ್‌ನಲ್ಲೇ ಸಮಯ ಗೊತ್ತುಮಾಡು, ಹತ್ತು ಗಂಟೆ ಎಂದು ಹೇಳಿದ ಮೇಲೆ ಹತ್ತಕ್ಕೆ ಗಾಡಿ ರ‍್ಯಾಂಪಿನ ಮೇಲಿರಬೇಕು. ಕಾಯುವವರಿಗೆ ಕುಡಿಯುವ ನೀರು, ಫ್ಯಾನು, ಶುಚಿಯಾದ ಶೌಚಾಲಯ ಇರಲಿ. ಇಂದು ಕಾರು ತರುವವರಲ್ಲಿ ಹೆಂಗಸರೂ ಬಹಳ ಮಂದಿ ಇದ್ದಾರೆ, ಈ ಕೊನೆಯದಿಲ್ಲದ ಕಡೆಗೆ ಅವರು ಎರಡನೆಯ ಸಲ ಬರುವುದಿಲ್ಲ.

ಹಾಸನದಲ್ಲಿರುವ ನಿನಗೆ ತುಮಕೂರಿನ ನನಗಿಲ್ಲದ ಕೆಲವು ಅನುಕೂಲಗಳಿವೆ. ಬೇಲೂರು, ಹಳೇಬೀಡುಗಳು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿವೆ. ಅಲ್ಲಿಗೆ ಪ್ರವಾಸಿಗರನ್ನು ಕರೆದೊಯ್ಯುವ ಹಳದಿ ಬೋರ್ಡಿನ ಚಾಲಕರಿಗೆ ಬೆಳಗ್ಗೆ ಆರಕ್ಕೆ ಗಾಡಿ ಹೊಳೆಯುತ್ತಿರಬೇಕು. ನೀನು ಐದಕ್ಕೇ ಗೇಟು ತೆಗೆದು, ಹೊರಮೈ ಮಾತ್ರ ಇಪ್ಪತ್ತು ನಿಮಿಷದಲ್ಲಿ ತೊಳೆದು ಕೊಡುವ ಕಡಿಮೆ ದರದ ವ್ಯವಸ್ಥೆ ಮಾಡಿದರೆ, ಒಬ್ಬ ಚಾಲಕ ಸ್ಟ್ಯಾಂಡಿನ ಉಳಿದವರಿಗೆಲ್ಲ ಹೇಳುತ್ತಾನೆ. ಸಕಲೇಶಪುರದ ತೋಟಗಳ ಜೀಪುಗಳು ಮಳೆಗಾಲದಲ್ಲಿ ಕೆಂಪು ಮಣ್ಣನ್ನು ಹೊಟ್ಟೆಯಡಿ ತುಂಬಿಕೊಂಡೇ ಬರುತ್ತವೆ. ಮಳೆಯಲ್ಲಿ ಯಾರು ಗಾಡಿ ತೊಳೆಸುತ್ತಾರೆ ಎಂದು ನೀನು ಬರೆದಿದ್ದೆಯಲ್ಲ, ಅಡಿಭಾಗ ತೊಳೆಸುವವರು ಆಗಲೇ ಬರುತ್ತಾರೆ, ಮಡ್‌ಗಾರ್ಡಿನ ಒಳಗೆ ಹಸಿ ಮಣ್ಣು ಕೂತರೆ ತುಕ್ಕು ಹಿಡಿಯುತ್ತದೆಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಆಯುಧಪೂಜೆಯ ಹಿಂದಿನ ದಿನ ನೀನು ಏನೂ ಮಾಡದಿದ್ದರೂ ಗೇಟಿನ ಹೊರಗೆ ಸಾಲು ನಿಲ್ಲುತ್ತದೆ. ಅಂದು ಆಸೆಗೆ ಬಿದ್ದು ಕೈತುಂಬ ಗಾಡಿ ತೆಗೆದುಕೊಂಡು ಅರೆಬರೆ ತೊಳೆದು ಕಳುಹಿಸಿದರೆ, ಹೊಸ ಆಡಳಿತವೂ ಹಳೆಯದರಂತೆಯೇ ಎಂಬ ಮಾತು ಒಂದೇ ದಿನದಲ್ಲಿ ಊರು ತುಂಬುತ್ತದೆ. ಟೋಕನ್ ಇಷ್ಟೇ ಎಂದು ಗೊತ್ತುಮಾಡಿ, ಮುಗಿದ ಮೇಲೆ ಕೈಮುಗಿದು ಕಳುಹಿಸು. ಯಾರೂ ಗಮನ ಕೊಡದಿರುವುದು ಹಬ್ಬ ಮುಗಿದ ನಂತರದ ದಿನಗಳಿಗೆ. ಬಂಪರಿಗೆ ಕಟ್ಟಿದ ಬಾಳೆಕಂದಿನ ಸೊನೆ, ಗಾಜಿನ ಮೇಲಿನ ಗಂಧ ಕುಂಕುಮ, ಹೂವಿನ ಹಾರ ಅಂಟಿಸಿದ ಟೇಪಿನ ಗೋಂದು, ಚಕ್ರಕ್ಕೆ ಸಿಡಿದ ಬೂದುಗುಂಬಳದ ತಿರುಳು ಇವೆಲ್ಲ ಬಿಸಿಲಿಗೆ ಒಣಗಿ ಬಣ್ಣಕ್ಕೆ ಹಿಡಿಯುತ್ತಿರುತ್ತವೆ, ಅಂಗಡಿಗಳೆಲ್ಲ ಖಾಲಿ ಹೊಡೆಯುತ್ತಿರುತ್ತವೆ. ಪೂಜೆಗೆ ತೊಳೆಸಿದವರಿಗೆಲ್ಲ ಅದೇ ಟೋಕನ್ ಮೇಲೆ, ಒಂದು ವಾರದೊಳಗೆ ಬಂದರೆ ಈ ಕಲೆಗಳನ್ನು ತೆಗೆದು ಕೊಡುತ್ತೇವೆ ಎಂದು ಅಚ್ಚು ಹಾಕಿಸಿ, ಅದಕ್ಕೊಂದು ಸಣ್ಣ ದರ ಇಡು. ಅವರಲ್ಲಿ ಹಲವರು ಮೊದಲ ಸಲ ನಿನ್ನಲ್ಲಿಗೆ ಬಂದವರು, ಎರಡನೆಯ ಸಲ ಬಿಡುವಾಗಿ ಬಂದಾಗ ನೀನು ಅವರೊಡನೆ ಮಾತಾಡಬಹುದು. ಅಷ್ಟರಲ್ಲಿ ಹಾಸನಾಂಬೆಯ ಬಾಗಿಲೂ ತೆರೆಯುತ್ತದೆ. ವರ್ಷಕ್ಕೊಮ್ಮೆ ದೀಪಾವಳಿಯ ಆಸುಪಾಸಿನಲ್ಲಿ ಮಾತ್ರ ಸಿಗುವ ಆ ದರ್ಶನಕ್ಕೆ ದೂರದೂರದಿಂದ ಬಂದವರು ಗಂಟೆಗಟ್ಟಲೆ ಸರದಿಯಲ್ಲಿ ನಿಂತಿರುತ್ತಾರೆ. ಅವರು ನಿನ್ನ ಕಾಯಂ ಗಿರಾಕಿಗಳಾಗಲಾರರು, ಆದರೆ ಅವರನ್ನು ಕರೆತಂದ ಚಾಲಕರಿಗೆ ಅಷ್ಟು ಹೊತ್ತು ಬೇರೆ ಕೆಲಸವಿರುವುದಿಲ್ಲ.

ಟೋಕನ್ ಅಚ್ಚಿಗೆ ಕೊಡುವ ಮೊದಲು ದರಪಟ್ಟಿಯ ಕರಡನ್ನು ನನಗೊಮ್ಮೆ ಕಳುಹಿಸು. ದೊಡ್ಡ ಗಾಡಿಗಳಿಗೆ ನೀನು ಬರೆದ ದರ ಕಡಿಮೆಯಾಯಿತೆಂದು ನನಗನ್ನಿಸುತ್ತದೆ, ಆ ಲೆಕ್ಕವನ್ನು ಫೋನಿನಲ್ಲಿ ಮಾತಾಡೋಣ.

ಇಂತಿ,
ನಿನ್ನ ಗೆಳೆಯ